ಬುದ್ಧನ ವರ್ಷದಲ್ಲಿ ಸೂಜಿ ಚುಚ್ಚಿಸಿಕೊಂಡ ನಾಯಿ

ಜಪಾನಿನ ಪಶು ತಪಾಸಣೆ ಕಚೇರಿಯಿಂದ ಬಂದ ಉತ್ತರವನ್ನು ದಾವ್ ಅಲ್ಲಿಂದಲೇ ಫೋನಿನಲ್ಲಿ ಓದಿ ಹೇಳಿದಾಗ ಅವಳ ತಾಯಿ ಶಾವಿಗೆ ಬಸಿಯುವ ಜರಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು. ತಂಗಿ ಮೋದ್ ಮಾತ್ರ ನಗಲಿಲ್ಲ.

"ಕೇಳಮ್ಮ, ಕೇಳು. 'ನಿಮ್ಮ ನಾಯಿಗೆ ರೇಬಿಸ್ ಲಸಿಕೆಯನ್ನು ಎರಡು ಸಾವಿರದ ಐನೂರ ಅರವತ್ತೇಳನೇ ಇಸವಿಯಲ್ಲಿ ಹಾಕಿಸಿರುವುದಾಗಿ ನಮೂದಿಸಿದ್ದೀರಿ. ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ.' ಏನ್ ಮರ್ಯಾದೆ ನೋಡು ಈ ಜನಕ್ಕೆ! ಸುಳ್ಳು ಹೇಳ್ತಿದೀರಾ ಅಂತ ಒಂದು ಮಾತು ಅನ್ಲಿಲ್ಲ."

"ಹಂಗಾದ್ರೆ ನಮ್ಮ ಖನುನ್‌ಗೆ ಇನ್ನೂ ಐನೂರು ವರ್ಷ ಆಯಸ್ಸಿದೆ ಅನ್ನು," ಎಂದಳು ತಾಯಿ.

ಖನುನ್ ಎಂದರೆ ಥಾಯ್ ಭಾಷೆಯಲ್ಲಿ ಹಲಸು. ನಾಯಿಯ ಮೈಬಣ್ಣ ಬೇಯಿಸಿದ ಹಲಸಿನ ಬೀಜದ್ದು. ತನ್ನ ಹೆಸರು ಕೇಳಿ ಅದು ಬೆಂಚಿನ ಕೆಳಗೆ ಒಂದು ಕಿವಿ ಎತ್ತಿತು. ಮರುಕ್ಷಣ ಫೋನಿನಿಂದ ದಾವ್‌ಳ ನಗು ಕೇಳಿಸಿತು, ಎರಡೂ ಕಿವಿ ಎದ್ದವು. ಮೋದ್ ಅದನ್ನು ಗಮನಿಸಿದಳು. ಇಂಥವು ಅವಳ ಕಣ್ಣಿಗೆ ತಪ್ಪುತ್ತಲೇ ಇರಲಿಲ್ಲ.

ತಪ್ಪು ಯಾರದೆಂದು ಹುಡುಕುವ ಹಾಗೂ ಇರಲಿಲ್ಲ. ಸರಬುರಿ ಪೇಟೆಯ ಪಶುವೈದ್ಯ ಪ್ರಸೋಂಗ್ ತಮ್ಮ ಜೀವಮಾನದಲ್ಲೆಲ್ಲ ಬರೆಯುತ್ತ ಬಂದ ಹಾಗೆ ಕ್ರಿಸ್ತನ ವರ್ಷಕ್ಕಿಂತ ಐನೂರ ನಲವತ್ತಮೂರು ಮುಂದಿರುವ ಬುದ್ಧನ ವರ್ಷವನ್ನೇ ಬರೆದಿದ್ದರು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲೂ ಮೋದ್‌ಳ ಪದವಿ ಪತ್ರದಲ್ಲೂ ಇರುವುದು ಅದೇ ವರ್ಷ. ಅರ್ಜಿಯನ್ನೆಲ್ಲ ಇಂಗ್ಲಿಷಿಗೆ ಮಾಡಿ ಕಳಿಸಿದವಳು ಅವಳೇ ಆದರೂ ಆ ಅಂಕಿಗಳ ಮೇಲೆ ಕಣ್ಣು ಎಡವಿರಲಿಲ್ಲ. ದಿನಾ ನೋಡುವ ಸ್ವಂತ ಮುಖದಲ್ಲಿ ಯಾರಿಗೆ ಏನು ವಿಚಿತ್ರ ಕಾಣುತ್ತದೆ?

"ಮೋದ್, ಇದ್ದೀಯೇನೇ? ನಾಳೆನೇ ಡಾಕ್ಟರ ಹತ್ರ ಹೋಗು. ಕ್ರಿಸ್ತನ ವರ್ಷ ಹಾಕಿ, ಹೊಸ ಸರ್ಟಿಫಿಕೇಟ್ ಮಾಡಿ, ಸಹಿ, ಮೊಹರು ಎಲ್ಲ ಹಾಕ್ಸಿ ಕಳ್ಸಿಬಿಡು. ಹೊಸವರ್ಷದ ಹಬ್ಬ ಶುರುವಾದ್ರೆ ಊರೆಲ್ಲಾ ನೀರಾಟದಲ್ಲಿ ಮುಳುಗಿರುತ್ತೆ, ಒಂದು ಬಾಗ್ಲೂ ತೆಗೆಯಲ್ಲ. ಹಬ್ಬ ಮುಗಿಯೋವರ್ಗೂ ಕಾಯೋಣ ಅಂದ್ರೆ ಇಲ್ಲಿಯವರ ಗಡುವು ದಾಟುತ್ತೆ. ಆಮೇಲೆ ನಾನು ಹೊಟ್ಟೆ ಹೊತ್ಕೊಂಡು ಬರೋಕಾಗಲ್ಲ, ಮಗು ಆದ್ಮೇಲಂತೂ ಕೇಳ್ಲೇಬೇಡ. ಈ ಸಲ ತಪ್ಪಿದ್ರೆ ಖನುನ್ ನನಗಿಲ್ಲ ಅಂತಲೇ ಅರ್ಥ."

"ಹ್ಞೂಂ, ಅಕ್ಕ," ಎಂದಳು ಮೋದ್.

ಈ ಸಲ ತಪ್ಪಿದರೆ ಖನುನ್ ಅವಳಿಗಿಲ್ಲ. ಆ ಮಾತನ್ನು ಮೋದ್ ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ಸಂಜೆಯವರೆಗೂ ಚೀಪಿದಳು.

ನಾಯಿಯನ್ನು ತಂದವಳು ಅವಳೇ. ಬೇಡದ ಮರಿಗಳನ್ನು ಜನ ಬಿಟ್ಟುಹೋಗುವುದು ಬೌದ್ಧ ಮಠದ ಅಡುಗೆಮನೆಯ ಹಿಂದೆ. ಅಲ್ಲಿ ಕಣ್ಣು ಕೂಡ ಸರಿಯಾಗಿ ಬಿಡದ ಒಂದು ಮುದ್ದೆ ಕುಂಯ್‌ಗುಡುತ್ತಿತ್ತು. ಭಿಕ್ಷುಗಳ ಅನುಮತಿ ಕೇಳಿ ಲಂಗದ ಮಡಿಲಲ್ಲಿ ಹಾಕಿಕೊಂಡು ಬಂದಳು. ಪಿಚಕಾರಿಯಲ್ಲಿ ಹಾಲು ಕುಡಿಸಿದಳು, ಮೈಮೇಲಿನ ಉಣ್ಣಿ ಹೆಕ್ಕಿದಳು, ಸಿಡಿಲಿಗೆ ಹೆದರಿದಾಗ ತನ್ನ ಚಾಪೆಗೆ ಸೇರಿಸಿಕೊಂಡಳು. ಕಾಲೇಜಿನಲ್ಲಿ ನಾಲ್ಕು ವರ್ಷ ಕೊನೆಯ ಬೆಂಚಿನಲ್ಲಿ ಕುಳಿತು ಯಾರಿಗೂ ನೆನಪಿರದಂತೆ ಪಾಸಾಗಿ ಬಂದ ಹುಡುಗಿಗೆ, ತಾನು ಬಾಗಿಲು ತೆರೆದರೆ ಕುಣಿಯುವ ಒಂದು ಜೀವ ಸಿಕ್ಕಿತ್ತು.

ಆಗ ದಾವ್ ಬ್ಯಾಂಕಾಕಿನ ಕೆಲಸದಿಂದ ವಾರದ ಕೊನೆಗೆ ಬಂದಳು. ಬೈಕು ನಿಲ್ಲಿಸಿ ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹಾಕಿದಳು. ಅಷ್ಟೇ. ಖನುನ್ ಮೋದ್‌ಳ ಕೈಯಲ್ಲಿದ್ದ ಕೋಳಿಯ ಪಿತ್ತಜನಕಾಂಗವನ್ನೂ ಬಿಟ್ಟು ಓಡಿತು. ಆ ದಿನದಿಂದ ಅದು ದಾವ್‌ಳ ನಾಯಿ. ಹೀಗೇಕೆ ಎಂದು ಯಾರೂ ಕೇಳಲಿಲ್ಲ. ಅಮ್ಮನ ಶಾವಿಗೆ ಅಂಗಡಿಗೆ ಬರುವ ಗಿರಾಕಿಗಳೂ ದಾವ್ ಬಂದಳಾ ಎಂದೇ ಕೇಳುವುದು. ಮೋದ್ ತಟ್ಟೆ ತಂದಿಟ್ಟರೆ "ಇವಳು ದಾವ್ ತಂಗಿ ಅಲ್ವಾ?" ಎನ್ನುತ್ತಾರೆ.

ಮದುವೆಯಾಗಿ ಜಪಾನಿಗೆ ಹೊರಟಾಗ ದಾವ್ ನಾಯಿಯನ್ನು ಕರೆದೊಯ್ಯುತ್ತೇನೆ ಎಂದು ಹಟ ಹಿಡಿದಳು. ಅಲ್ಲಿಯ ಕಾನೂನು ಬಲು ಬಿಗಿ. ಮೊದಲು ಚರ್ಮದಡಿ ಗುರುತಿನ ಚಿಪ್, ಅದರ ಮೇಲೆ ಲಸಿಕೆ, ಮತ್ತೊಂದು ಲಸಿಕೆ, ರಕ್ತಪರೀಕ್ಷೆ. ಇದೆಲ್ಲ ಆದ ಮೇಲೂ ಆರು ತಿಂಗಳು ನಾಯಿ ತನ್ನ ದೇಶದಲ್ಲೇ ಕಾಯಬೇಕು. ಆ ಆರು ತಿಂಗಳು ಅದನ್ನು ಅಕ್ಕನ ಅಡವಿನ ಒಡವೆಯ ಹಾಗೆ ಜೋಪಾನ ಮಾಡಿದವಳು ಮೋದ್.

ಮರುದಿನ ಅವಳು ಕ್ಲಿನಿಕ್ಕಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

"ಡಾಕ್ಟ್ರು ಊರಲ್ಲಿಲ್ಲ ಅಕ್ಕ. ಹಬ್ಬಕ್ಕೆ ಮುಂಚೆನೇ ಅವರ ಮಾವನ ಮನೆಗೆ ಹೋಗಿದಾರಂತೆ."

"ಅಯ್ಯೋ ಆ ಮುದುಕನಿಗೆ ಈಗಲೇ ಮಾವನ ಮನೆ ನೆನಪಾಗ್ಬೇಕಿತ್ತಾ! ಅವರ ಮಾವ ಇನ್ನೂ ಬದುಕಿದಾರಾ?"

"ಗೊತ್ತಿಲ್ಲ."

"ನಿನ್ನೊಬ್ಳನ್ನೇ ಓಡಾಡಿಸ್ತಾ ಇದ್ದೀನಿ ಕಣೇ. ಬೇಜಾರಾಗ್ಬೇಡ, ಆಯ್ತಾ?"

ಬೈದಿದ್ದರೆ ಚೆನ್ನಾಗಿತ್ತು. ಹೀಗೆ ಅಕ್ಕರೆ ತೋರಿಸಿ ದಾವ್ ಒಳ್ಳೆಯವಳ ಜಾಗವನ್ನೂ ತಾನೇ ಹಿಡಿದುಕೊಂಡುಬಿಡುತ್ತಾಳೆ, ಎದುರಿನವರಿಗೆ ಕೆಟ್ಟವರಾಗುವುದೊಂದೇ ಉಳಿಯುತ್ತದೆ. ಫೋನು ಇಟ್ಟ ಮೇಲೆ ಮೋದ್‌ಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎದೆಯೊಳಗೆ ಯಾರೋ ಒಲೆ ಹಚ್ಚಿ ಕೂತ ಹಾಗೆ ಬೆಚ್ಚಗಾಯಿತು. ಇನ್ನೆರಡು ದಿನ ಸುಮ್ಮನಿದ್ದರೆ ಸಾಕು, ಏನೂ ಮಾಡಬೇಕಿಲ್ಲ. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುವ ವಿದ್ಯೆ.

ಅಂದು ಅವಳು ಪಿತ್ತಜನಕಾಂಗವನ್ನು ಬೆಳ್ಳುಳ್ಳಿ ಹಾಕದೆ ಬೇಯಿಸಿ, ಅನ್ನಕ್ಕೆ ಕಲಸಿ ಖನುನ್ ಮುಂದಿಟ್ಟಳು. ನಾಯಿ ತಿಂದಿತು, ಕೈ ನೆಕ್ಕಿತು, ಬಾಲ ಆಡಿಸಿತು. ಆಮೇಲೆ ಎದ್ದು ಹೋಗಿ ಗೇಟಿನ ಬಳಿ, ದಾವ್ ಬೈಕು ನಿಲ್ಲಿಸುತ್ತಿದ್ದ ಕಡೆ ಮುಖ ಮಾಡಿ ಮಲಗಿತು. ದಿನಾ ಹೀಗೇ. ಋಣ ತೀರಿಸಿ ಎದ್ದು ಹೋದ ಹಾಗೆ.

"ಖನುನ್, ಬಾ ಇಲ್ಲಿ."

ಬಂತು. ಕರೆದರೆ ಬರುತ್ತದೆ, ಅದರಲ್ಲಿ ದೂರಲು ಏನೂ ಇಲ್ಲ. ನಿಧಾನವಾಗಿ, ವಿಧೇಯವಾಗಿ ಬಂದು ಕೂತಿತು. ಓಡಿ ಬರಲಿಲ್ಲ.

ಮರುದಿನ ಹಿತ್ತಲಿನ ನೀರಿನ ಜಾಡಿಯ ಹಿಂದೆ ನಿಂತು ಅವಳು ಸಿಳ್ಳೆ ಕಲಿತಳು. ಎರಡು ಬೆರಳು, ಮಡಿಸಿದ ನಾಲಗೆ. ಮೊದಲು ಬರೀ ಗಾಳಿ, ಆಮೇಲೆ ಎಂಜಲು. ಮಧ್ಯಾಹ್ನದ ಹೊತ್ತಿಗೆ ಕೆಟ್ಟ ಕುಕ್ಕರಿನಂಥ ಸದ್ದು. ಸಂಜೆ ಬೆಳಕು ಕಂದುವ ಹೊತ್ತಿಗೆ ಇದ್ದಕ್ಕಿದ್ದಂತೆ ಅದು ಬಂದೇಬಿಟ್ಟಿತು. ಉದ್ದಕ್ಕೆ ಹೋಗಿ ಕೊನೆಗೆ ಮೇಲಕ್ಕೆ ಕೊಂಕುವ ಸಿಳ್ಳೆ, ಥೇಟ್ ದಾವ್‌ಳದೇ.

ಗೇಟಿನ ಕಡೆಯಿಂದ ಖನುನ್ ಹಾರಿ ಬಂತು. ಅಮ್ಮನ ಬಕೆಟ್ಟು ಉರುಳಿತು, ಒಣಗಿಸಿದ ಬಟ್ಟೆ ನೆಲಕ್ಕೆ ಬಿತ್ತು. ಇಷ್ಟು ವೇಗವಾಗಿ ಅದು ತನ್ನೆಡೆಗೆ ಬರುವುದನ್ನು ಮೋದ್ ಎಂದೂ ನೋಡಿರಲಿಲ್ಲ. ಅವಳು ಮಂಡಿಯೂರಿ ತೋಳು ಚಾಚಿದಳು.

ನಾಯಿ ಆ ತೋಳುಗಳ ಪಕ್ಕದಿಂದ ನುಗ್ಗಿ ಅವಳ ಹಿಂದೆ ಹೋಯಿತು. ಜಾಡಿಯ ಹಿಂದೆ ಮೂಸಿತು, ಬಚ್ಚಲಿನೊಳಗೆ ಇಣುಕಿತು, ಬಾಳೆಯ ಬುಡ ಸುತ್ತಿ ಬಂತು. ಕೊನೆಗೆ ಮೋದ್‌ಳ ಮುಖ ನೋಡಿತು. ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಕೇಳುವ ನೋಟ.

ಅಮ್ಮ ಒಳಗಿನಿಂದ ಕೂಗಿದಳು: "ಯಾರೇ ಅದು ಮುಸ್ಸಂಜೇಲಿ ಸಿಳ್ಳೆ ಹಾಕೋದು? ದೆವ್ವ ಕರೀತಿದ್ದೀಯೇನೇ?"

"ಇಲ್ಲಮ್ಮ."

"ಒಂದು ಕ್ಷಣ ದಾವ್ ಬಂದ್ಲು ಅಂದ್ಕೊಂಡೆ ಕಣೇ," ಎಂದಳು ಅಮ್ಮ. ಆ ದನಿಯಲ್ಲೂ ಅದೇ ಹುಡುಕಾಟ ಇತ್ತು.

ಮೋದ್ ನೆಲದ ಮೇಲೆ ಕೂತಳು. ನಾಯಿಯನ್ನು ಉಳಿಸಿಕೊಂಡರೆ ಏನು ಸಿಗುತ್ತದೆ ಎನ್ನುವುದು ಈಗ ಸ್ಪಷ್ಟವಾಯಿತು. ಇನ್ನು ಹತ್ತು ವರ್ಷ ದಿನಾ ಬೆಳಿಗ್ಗೆ ಎದ್ದು ತನ್ನನ್ನು ದಾಟಿ ಗೇಟಿನತ್ತ ನೋಡುವ ಒಂದು ಜೊತೆ ಕಣ್ಣು. ಅಕ್ಕ ಆರು ಗಂಟೆಯ ವಿಮಾನ ಪ್ರಯಾಣದಾಚೆ ಇದ್ದರೂ ಈ ಅಂಗಳದಲ್ಲಿ ಠಾಣೆ ಹೂಡಿಯೇ ಇರುತ್ತಾಳೆ. ತಾನು ಅವಳ ಕಾವಲು ನಾಯಿಗೆ ಊಟ ಹಾಕುತ್ತಿರಬೇಕು.

"ಹೋಗು," ಎಂದಳು ಅವಳು ನಾಯಿಗೆ. "ಹೋಗತ್ಲಾಗೆ. ಅವಳ ಹತ್ರಾನೇ ಸಾಯಿ ಹೋಗು."

ಖನುನ್ ಅವಳ ಕೆನ್ನೆ ನೆಕ್ಕಿತು.

ಹಬ್ಬದ ಹಿಂದಿನ ದಿನ ಕ್ಲಿನಿಕ್ಕಿನ ಶಟರು ಅರ್ಧ ಇಳಿದಿತ್ತು. ದಾರಿಯಲ್ಲಿ ಯಾರೋ ಮುಂಚಿತವಾಗಿಯೇ ನೀರೆರಚಿ ಮೋದ್‌ಳ ಬೆನ್ನು ತೊಯ್ದುಹೋಗಿತ್ತು. ಕಾಗದಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಎದೆಗವಚಿ ಅವಳು ಬಗ್ಗಿ ಒಳಗೆ ನುಸುಳಿದಳು. ಡಾಕ್ಟರ್ ಪ್ರಸೋಂಗ್ ಹೂವಿನ ಅಂಗಿ ತೊಟ್ಟು ಹೊರಡಲು ನಿಂತಿದ್ದರು.

"ಏನು ಪುಟ್ಟಿ, ಈ ಹೊತ್ತಲ್ಲಿ? ನಾಯಿಗೇನಾಯ್ತು?"

"ನಾಯಿಗೇನಿಲ್ಲ ಡಾಕ್ಟ್ರೇ. ವರ್ಷ ತಪ್ಪಾಗಿದೆ."

ಅವರು ಕನ್ನಡಕ ಏರಿಸಿ ಓದಿ ಹಣೆ ಚಚ್ಚಿಕೊಂಡರು. "ಥತ್! ಈ ಕೈಗೆ ಬುದ್ಧ ಬಿಟ್ರೆ ಬೇರೆ ಲೆಕ್ಕ ಬರಲ್ಲ. ನಾಲ್ಕು ದಿನ ಮುಂಚೆ ಬರಬಾರ್ದಿತ್ತಾ? ದಿನಾ ನೊಣ ಹೊಡ್ಕೊಂಡು ಇಲ್ಲೇ ಕೂತಿದ್ದೆ."

ಮೋದ್‌ಳ ಮುಖ ಕೆಂಪಾಯಿತು. ಡಾಕ್ಟರು ಐನೂರ ನಲವತ್ತಮೂರನ್ನು ಬೆರಳಿನಲ್ಲಿ ಕಳೆಯುತ್ತ ಹೊಸ ಹಾಳೆಯಲ್ಲಿ ಒಂದೊಂದೇ ತಾರೀಖು ಬರೆದರು.

"ಮಾಲೀಕರ ಹೆಸರು ನಿಂದೇ ಇದೆ. ಕರ್ಕೊಂಡು ಹೋಗೋಳು ಅಕ್ಕ ಅಲ್ವಾ? ಅವಳದೇ ಹಾಕ್ಬಿಡ್ಲಾ?"

"ಬೇಡ."

ಅವಳ ದನಿ ಅವಳಿಗೇ ಜೋರೆನಿಸಿತು. ಡಾಕ್ಟರು ತಲೆಯೆತ್ತಿ ನೋಡಿದರು.

"ನಾಯಿ ನಂದು. ಅವಳು ಕರ್ಕೊಂಡು ಹೋಗ್ತಾಳೆ, ಅಷ್ಟೇ."

"ಆಯ್ತಮ್ಮಾ, ಆಯ್ತು. ನಿನ್ನ ನಾಯಿನ ನಾನೇನು ಕಿತ್ಕೊಳ್ಳಲ್ಲ," ಎಂದು ನಕ್ಕು ಮೊಹರು ಒತ್ತಿದರು.

ಮೇ ತಿಂಗಳ ಕೊನೆಯಲ್ಲಿ ದಾವ್ ಬಂದಳು. ಖನುನ್ ಗೇಟು ಹಾರಿ ಏನೇನು ಮಾಡಿತು ಎನ್ನುವುದನ್ನು ಮೋದ್ ನೋಡಲಿಲ್ಲ. ಬೇಕೆಂದೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತಿದ್ದಳು.

ವಿಮಾನ ನಿಲ್ದಾಣದ ಪಶು ತಪಾಸಣೆಯ ಕೋಣೆಯಲ್ಲಿ ಅಧಿಕಾರಿ ನಾಯಿಯ ಕುತ್ತಿಗೆಯ ಮೇಲೆ ಯಂತ್ರ ಆಡಿಸಿ, ಚಿಪ್‌ನ ಅಂಕಿಯನ್ನು ಕಾಗದದ ಅಂಕಿಯೊಂದಿಗೆ ಹೋಲಿಸಿ ನೋಡಿ, "ಮಾಲೀಕರು ಸಹಿ ಹಾಕಿ" ಎಂದ. ದಾವ್ ಪೆನ್ನಿಗೆ ಕೈ ಚಾಚಿದಳು.

"ನೀವಲ್ಲ ಮೇಡಂ, ಇವರು."

"ಓ, ಹೌದಲ್ವಾ!" ದಾವ್ ನಕ್ಕು ಪಕ್ಕಕ್ಕೆ ಸರಿದಳು. ಅವಳಿಗೆ ಅದೊಂದು ವಿಷಯವೇ ಅಲ್ಲ. ಮೋದ್ ತನ್ನ ಉದ್ದನೆಯ ಪೂರ್ತಿ ಹೆಸರನ್ನು ಒಂದಕ್ಷರವನ್ನೂ ನುಂಗದೆ, ಬೇಕಾದ್ದಕ್ಕಿಂತ ದೊಡ್ಡದಾಗಿ ಬರೆದಳು.

ಪೆಟ್ಟಿಗೆಯ ಬಾಗಿಲು ಹಾಕಿದರು. ದಾವ್ ಜಾಲರಿಯಲ್ಲಿ ಬೆರಳು ತೂರಿಸಿ ಮುದ್ದು ಮಾಡಿದಳು, ನಾಯಿ ನೆಕ್ಕಿತು. "ನೀನೂ ಹೇಳೇ ಹೋಗಿ ಬಾ ಅಂತ. ನಿನ್ನಂಥ ತಂಗಿ ಯಾರಿಗಿದಾರೆ ಹೇಳು?" ಎಂದು ಅವಳ ಭುಜ ತಬ್ಬಿದಳು. ಮೋದ್ ಬಗ್ಗಿ ತನ್ನ ಬೆರಳನ್ನೂ ತೂರಿಸಿದಳು. ಖನುನ್ ಅದನ್ನೂ ನೆಕ್ಕಿತು. ಇನ್ನೂ ಹೆಚ್ಚು ಹೊತ್ತು, ಬೆರಳಿನ ಸಂದಿಯವರೆಗೂ, ಬಿಡಲೊಲ್ಲದ ಹಾಗೆ ನೆಕ್ಕಿತು.

ಮೋದ್ ಕೈ ಹಿಂದಕ್ಕೆಳೆದು ಲಂಗಕ್ಕೆ ಒರೆಸಿಕೊಂಡಳು. ಅದರ ನಾಲಗೆಯ ಮೇಲೆ ಇನ್ನೂ ಅಕ್ಕನ ಬೆರಳಿನ ರುಚಿಯೇ ಇದ್ದಿರಬೇಕು, ಎಂದುಕೊಂಡಳು.