ಯಾರ ಹೆಸರು ಹಾಕನ?

ಸೋಬಾನೆ ಪದಕ್ಕೆ ಹೆಸರು ಬೇಕು. ಹಸೆಮಣೆ ಮೇಲೆ ಕೂತ ಹೆಣ್ಣು ಯಾರು, ಗಂಡು ಯಾರು, ಹೆತ್ತವರು ಯಾರು ಅಂತ ಕೇಳಿಕೊಂಡು, ಆ ಹೆಸರುಗಳನ್ನು ಜಡೆಗೆ ಹೂ ಸಿಕ್ಕಿಸುವ ಹಾಗೆ ಸಾಲಿಗೆ ಸಿಕ್ಕಿಸಿದ ಮೇಲೆಯೇ ಪುಟ್ಟಸಿದ್ದಮ್ಮನ ಬಾಯಿಂದ ಪದ ಹೊರಡುವುದು. ಉಮ್ಮತ್ತೂರಿನಲ್ಲಿ ಅವಳು ಹಾಡದೆ ಧಾರೆಯಾದ ಮದುವೆ ಕಡಿಮೆ.

ಅದರಿಂದಲೇ ಹೋದ ವರ್ಷ, ತೊಂಬತ್ತೈದರ ಸುಗ್ಗಿ ಮುಗಿದ ಮೇಲೆ, ಆ ಎಡವಟ್ಟು ಆದದ್ದು. ಕ್ಯಾಸೆಟ್ ಕಂಪನಿಯವರು ಟೇಪ್ ರೆಕಾರ್ಡರ್ ಹಿಡಿದು ಅವಳ ಜಗಲಿಗೆ ಬಂದಿದ್ದರು. "ಯಾರ ಹೆಸರು ಹಾಕನ ಸ್ವಾಮಿ?" ಅಂತ ಪುಟ್ಟಸಿದ್ದಮ್ಮ ಕೇಳಿದಳು. "ಯಾರದಾದ್ರೂ ಹಾಕಮ್ಮ, ನಮಗೇನು" ಅಂದರು. ಅವಳು ಮಗ ರಂಗರಾಜು, ಸೊಸೆ ಶಿವಲಕ್ಷ್ಮಿಯ ಹೆಸರನ್ನೇ ಹಾಕಿ ಹಾಡಿದಳು.

ಮೂರು ತಿಂಗಳಿಗೆ ಕ್ಯಾಸೆಟ್ ಬಂತು. ಪದದ ಕೆಳಗೆ ಧಬಧಬ ಅಂತ ಮಿಷಿನ್ನಿನ ತಾಳ, ನಡುನಡುವೆ ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಬಡಬಡಿಸುವುದು. ಹೆಸರು 'ಸೋಬಾನೆ ರ‍್ಯಾಪ್'. ಡಬ್ಬಿಯ ಮೇಲೆ ಟೋಪಿ ತಿರುಗಿಸಿ ಹಾಕಿಕೊಂಡ, ಕಪ್ಪು ಕನ್ನಡಕದ ಯಾವುದೋ ಹುಡುಗಿ. ಸಾಹಿತ್ಯ, ಸಂಗೀತ ಎರಡೂ ಕಂಪನಿಯದು. ಪುಟ್ಟಸಿದ್ದಮ್ಮನ ಹೆಸರು ಹುಡುಕಿದರೂ ಇಲ್ಲ.

ಕ್ಯಾಸೆಟ್ ಊರೂರಿನ ಮೈಕ್ ಸೆಟ್ಟು ಸೇರಿತು. ಚಂದಕವಾಡಿಯಲ್ಲಿ ಯಾರದೇ ಮದುವೆಯಾಗಲಿ, ಸ್ಪೀಕರು ಮಾತ್ರ ರಂಗರಾಜುವಿಗೆ ಶಿವಲಕ್ಷ್ಮಿಯನ್ನೇ ಧಾರೆ ಎರೆಯುತ್ತಿತ್ತು.

"ಇದು ಎಷ್ಟನೇ ಮದ್ವೆ ಕಣಮ್ಮಿ ನಿಂಗೆ?" ಅಂತ ನೀರಿಗೆ ಬಂದ ಹೆಂಗಸರು ಛೇಡಿಸುವರು.

"ಎಷ್ಟಾದ್ರೇನಕ್ಕ, ಪ್ರತಿ ಸಲವೂ ಅದೇ ಗಂಡ" ಅಂತ ಶಿವಲಕ್ಷ್ಮಿ ಕೊಡ ಎತ್ತಿಕೊಳ್ಳುವಳು.

ಪುಟ್ಟಸಿದ್ದಮ್ಮನೂ ನಕ್ಕಳು. ನಕ್ಕಿದ್ದು ಕುದೇರಿನ ಮದುವೆವರೆಗೆ. ಅಲ್ಲಿಗೆ ತನ್ನ ಮೇಳದ ನಾಲ್ವರನ್ನು ಕರಕೊಂಡು ಹೋಗಿ, ಬಾಯಿಗೆ ಎಲೆಅಡಿಕೆ ಹಾಕಿ, ಹೆಸರು ಕೇಳೋಣ ಅಂತ ಬಗ್ಗಿದರೆ, ಮದುವೆ ಮನೆ ಯಜಮಾನ ಮೈಕಿನ ಕಡೆ ಕೈ ತೋರಿದ. "ಕ್ಯಾಸೆಟ್ಟು ಐತಲ್ಲಮ್ಮ. ನೀವು ಉಂಡ್ಕಂಡು ಓಗಿ." ಹಸೆಮಣೆ ಮೇಲಿನ ಹುಡುಗಿ ತಲೆ ಬಗ್ಗಿಸಿ, ಯಾರದೋ ಹೆಸರಿನ ಪದ ಕೇಳುತ್ತಾ ಕೂತಿತ್ತು. ಪುಟ್ಟಸಿದ್ದಮ್ಮ ಆವತ್ತು ಉಣ್ಣಲಿಲ್ಲ.

ಈಗ ಕಂಪನಿಗೆ ಎರಡನೇ ಕ್ಯಾಸೆಟ್ ಬೇಕಿತ್ತು. ಬೊಂಬಾಯಿಂದ ದೊಡ್ಡ ಸಾಹೇಬರೇ ಗುಂಡ್ಲುಪೇಟೆಗೆ ಬಂದಿದ್ದಾರೆ ಅಂತ ಕ್ಯಾಸೆಟ್ ಅಂಗಡಿ ಶಾಂತಮಲ್ಲಪ್ಪ ಹೇಳಿ ಕಳಿಸಿದ. ಅಂಗಡಿಯ ಮಹಡಿಯಲ್ಲಿ ಗೋಡೆಗೆಲ್ಲ ಹಾಸಿಗೆ ತೂಗುಹಾಕಿ, ಕಿಟಕಿಗೆ ಕಂಬಳಿ ಹೊದಿಸಿ, ನಡುವೆ ಮೈಕು ನಿಲ್ಲಿಸಿದ್ದರು. ಮೇಳದ ಐವರೂ, ಜೊತೆಗೆ ಬಂದ ಶಿವಲಕ್ಷ್ಮಿಯೂ ಗೋಡೆಗೆ ಒರಗಿ ಕೂತರು.

ಮೆಹ್ತಾ ಸಾಹೇಬ ಕಿವಿಗೆ ಎರಡು ದಪ್ಪ ಬಟ್ಟಲು ಸಿಕ್ಕಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿದ. ಶಾಂತಮಲ್ಲಪ್ಪ ಕನ್ನಡ ಮಾಡಿ ಹೇಳಿದ. "ಈ ಸಲ ಹೆಸರು ಬ್ಯಾಡವಂತೆ. ಬರೀ ಪದ ಸಾಕಂತೆ. ಮೊದ್ಲು ಈ ಕಾಗದಕ್ಕೆ ಹೆಬ್ಬೆಟ್ಟು ಒತ್ಬುಡು."

ಹೇಳುತ್ತಲೇ ಇಂಕಿನ ಪ್ಯಾಡು ತೆರೆದು ಅವಳ ಹೆಬ್ಬೆರಳನ್ನು ಅದ್ದಿಯೂ ಬಿಟ್ಟ.

"ತಡೀರಿ ಸಾವ್ಕಾರ್ರೆ" ಅಂತ ಶಿವಲಕ್ಷ್ಮಿ ಕಾಗದ ಎಳೆದುಕೊಂಡಳು. ಪಿಯುಸಿ ಓದಿದವಳು. ತುಟಿ ಅಲುಗಿಸುತ್ತಾ ಕೊನೆವರೆಗೂ ಓದಿದಳು. "ಅತ್ತೆ, ಈ ಪದವೆಲ್ಲ ಇನ್ಮೇಲೆ ಕಂಪನಿಯವಂತೆ. ಅವ್ರನ್ನ ಕೇಳ್ದೆ ನೀವು ಎಲ್ಲೂ ಹಾಡಂಗಿಲ್ವಂತೆ."

"ಎಲ್ಲೂ ಅಂದ್ರೆ? ಮದ್ವೇಲೂವೆ?"

"ಎಲ್ಲೂ."

ಪಕ್ಕದಲ್ಲಿದ್ದ ಮೇಳದ ದೊಡ್ಡಮಾದಮ್ಮ ಕಣ್ಣು ಬಿಟ್ಟಳು. ಬರುವ ಸೋಮವಾರ ಅವಳ ಮೊಮ್ಮಗಳದೇ ಮದುವೆ.

ಪುಟ್ಟಸಿದ್ದಮ್ಮ ಮಸಿಯಾದ ಹೆಬ್ಬೆರಳನ್ನು ನೋಡಿಕೊಂಡಳು. ಅವ್ವ ರಾಗಿ ಬೀಸುವಾಗ ಕಲ್ಲಿನ ಗೂಟಕ್ಕೆ ತಾನೂ ಒಂದು ಕೈ ಕೊಟ್ಟು, ಸುತ್ತಿಗೊಂದು ಸಾಲಿನ ಹಾಗೆ ಕಲಿತ ಪದಗಳು. ಅವ್ವನಿಗೆ ಅವಳ ಅತ್ತೆ ಕಲಿಸಿದ್ದು. ಯಾರೂ ಯಾರಿಗೂ ನನ್ನದು ಅಂದಿರಲಿಲ್ಲ.

"ಪದ ನಿಮ್ದೇ ಅಂತೀರಾ?" ಅಂತ ಸಾಹೇಬನನ್ನೇ ನೋಡಿ ಕೇಳಿದಳು. ಶಾಂತಮಲ್ಲಪ್ಪ ಹೇಳಿದ್ದಕ್ಕೆ ಸಾಹೇಬ ನಗುತ್ತಾ ಎದೆ ಮುಟ್ಟಿಕೊಂಡು, ಹೌದು ಅಂತ ತಲೆಯಾಡಿಸಿದ.

"ಹಂಗಾದ್ರೆ ನೀವು ಬೀಗ್ರಾದ್ರಿ. ನಮ್ಮನೆಯಿಂದ ತಕ್ಕೊಂಡು ಓಗೋರು ಬೀಗ್ರೇ ತಾನೆ. ಮೊದ್ಲು ಒಂದು ಪದ ಹಾಡ್ತೀವಿ, ಹೆಬ್ಬೆಟ್ಟು ಆಮೇಲಾಗ್ಲಿ. ಮಿಷಿನ್ ಹಾಕಿ."

ಮೇಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗು ಸರಿಮಾಡಿಕೊಂಡರು. ಬೀಗರನ್ನು ಜರೆಯುವ ಪದ ಅಂದರೆ ಯಾರಿಗೂ ಹೊಸದಲ್ಲ. ಗಂಡಿನ ಕಡೆಯವರು ಊಟಕ್ಕೆ ಕೂತಾಗ, ಹೆಣ್ಣಿನ ಕಡೆಯ ಹೆಂಗಸರು ಎದುರು ನಿಂತು ಆಡಿದ್ದೇ ಮಾತು. ಬೀಗರು ಸಿಟ್ಟು ಮಾಡಿಕೊಂಡರೆ ಸೋತಂತೆ.

ಪುಟ್ಟಸಿದ್ದಮ್ಮ ಗಂಟಲು ಬಿಟ್ಟಳು.

*ಬಂದಾರೊ ಬೀಗಾರು ಬೊಂಬಾಯಿ ಊರಿಂದ*
*ಬಡಿಸಿದ್ದನೆಲ್ಲ ಬಳಕೊಂಡು, ಮೆಹ್ತಣ್ಣ*
*ಉಂಡೆಲೆಯೂ ನನ್ನದೆ ಅಂದಾರೊ*

"ಅಂದಾರೊ" ಅಂತ ನಾಲ್ವರೂ ಎತ್ತಿಕೊಂಡರು. ದೊಡ್ಡಮಾದಮ್ಮ ಚಪ್ಪಾಳೆ ಹಾಕತೊಡಗಿದಳು.

*ಕಿವಿಗೆರಡು ಬಟ್ಟಲು, ಕೈಯಲ್ಲಿ ಕಾಗದ*
*ಅತ್ತೆಯ ಪದವ ಹೊತ್ತೊಯ್ದು, ಮೆಹ್ತಣ್ಣ*
*ಅತ್ತೆಯ ಹೆಸರ ಮರೆತಾರೊ*

ಸಾಹೇಬ ಕಾಲಲ್ಲಿ ತಾಳ ಹಾಕುತ್ತಾ ತೂಗಾಡಿದ. ಮುಗಿದದ್ದೇ ಬಟ್ಟಲು ಕಿತ್ತು, "ಸೂಪರ್! ರಿಯಲ್ ರ‍್ಯಾಪ್!" ಅಂದ. ಆಮೇಲೆ ತನ್ನ ಹೆಸರು ಬಂದದ್ದು ನೆನಪಾಗಿ, ಏನು ಹಾಡಿದರು ಅಂತ ಕೇಳಿದ. ಶಾಂತಮಲ್ಲಪ್ಪ ಬೆವರು ಒರೆಸಿಕೊಂಡು, ತಮ್ಮನ್ನೇ ಹೊಗಳಿದರು ಸಾರ್, ಅಂದ.

"ಇಲ್ಲ" ಅಂದಳು ಶಿವಲಕ್ಷ್ಮಿ. ಬಾರದ ಇಂಗ್ಲಿಷನ್ನು ನಿಧಾನವಾಗಿ ಜೋಡಿಸಿ, ಒಂದು ಸಾಲೂ ಬಿಡದೆ ಹೇಳಿದಳು. ಉಂಡ ಎಲೆಯನ್ನೂ ಬಿಡಲಿಲ್ಲ.

ಸಾಹೇಬನ ಮುಖ ಕೆಂಪಾಯಿತು. ಅದನ್ನು ಅಳಿಸಿ, ಅಂದ. ಹೆಬ್ಬೆಟ್ಟು ಒತ್ತದಿದ್ದರೆ ಕ್ಯಾಸೆಟ್ಟೂ ಇಲ್ಲ, ಇಂಥ ಹಾಡುಗಾರ್ತಿಯರು ಊರಿಗೆ ನೂರು ಸಿಗುತ್ತಾರೆ, ಅಂದ.

ಶಾಂತಮಲ್ಲಪ್ಪ ಅದನ್ನು ಮೆತ್ತಗೆ ಮಾಡಿ ಹೇಳಿದ. ಪುಟ್ಟಸಿದ್ದಮ್ಮ ಎದ್ದು ನಿಂತಿದ್ದಳು.

"ಸಿಕ್ತಾರೆ. ಯಾಕೆ ಸಿಕ್ಕಲ್ಲ? ಹುಡುಕ್ಕಳಿ ಅನ್ನಿ ಸಾವ್ಕಾರ್ರೆ. ಅವ್ರೂ ಕೂತ್ಕಂಡು, ಯಾರ ಹೆಸರು ಹಾಕನ ಅಂತಲೇ ಕೇಳ್ತಾರೆ. ಆಗ ಏನಂತಾರೋ ಇವ್ರು? ನಮ್ಮ ಐದು ಜನದ ಹೆಸರು ಡಬ್ಬಿ ಮೇಲೆ ಬರೀಲಿ, ಪದ ನಮ್ತಾವೇ ಇರ್ಲಿ, ಆಗ ಹಾಡ್ತೀವಿ. ಇಲ್ವಾ, ಬೀಗ್ರು ಕೋಪ ಮಾಡ್ಕಂಡ್ರು ಅಂತ ಊರೆಲ್ಲಾ ಹೇಳ್ತೀವಿ. ನಡೀರಮ್ಮಿ, ಹೋಗನ."

ಬಾಗಿಲ ತನಕ ಹೋದವಳು ತಿರುಗಿ ಬಂದು ಇಂಕಿನ ಪ್ಯಾಡನ್ನು ಎತ್ತಿಕೊಂಡಳು.

"ಅದ್ಯಾಕೆ ಪುಟ್ಟಸಿದ್ದಮ್ಮ?" ಅನ್ನುತ್ತಾ ಶಾಂತಮಲ್ಲಪ್ಪ ಮೆಟ್ಟಿಲ ಮೇಲೆ ಹಿಂದೆಯೇ ಓಡಿದ.

ಕೆಳಗೆ ಅಂಗಡಿಯ ಮುಂದಿನ ಹಲಗೆಯಲ್ಲಿ 'ಸೋಬಾನೆ ರ‍್ಯಾಪ್' ಸಾಲಾಗಿ ನಿಂತಿತ್ತು. ಪುಟ್ಟಸಿದ್ದಮ್ಮ ಒಂದು ಡಬ್ಬಿಯ ಚೀಟಿ ಹೊರಗೆಳೆದು ಹಲಗೆ ಮೇಲಿಟ್ಟು, ಟೋಪಿಯ ಹುಡುಗಿಯ ಕನ್ನಡಕದ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದಳು. ಎತ್ತಿದಾಗ ಗೆರೆಗೆರೆಯಾಗಿ, ಸ್ಪಷ್ಟವಾಗಿ ಕೂತಿತ್ತು. ಎರಡನೆಯದನ್ನು ಎಳೆದುಕೊಂಡಳು. ದೊಡ್ಡಮಾದಮ್ಮ ಹೆಬ್ಬೆರಳು ಅದ್ದಿಕೊಂಡು ಪಕ್ಕದಲ್ಲಿ ಒತ್ತಿದಳು. ಉಳಿದವರು ನುಗ್ಗಿ ಬಂದರು.

"ಅಯ್ಯೋ, ಮಾಲು ಕೆಟ್ಟೋಯ್ತದೆ ಕಣಮ್ಮ!"

"ಕೆಡಲ್ಲ ಸಾವ್ಕಾರ್ರೆ" ಅಂದಳು ಪುಟ್ಟಸಿದ್ದಮ್ಮ, ಮೂರನೆಯ ಚೀಟಿಯ ಮಡಿಕೆ ಬಿಡಿಸುತ್ತಾ. "ಹೆಸರು ಹಾಕ್ತಾ ಇವ್ನಿ."