ಜೀರಂಗಿ ಗಡ್ಡೆ

ಯುವತಿ ಮಂಡಳದ ಅಧ್ಯಕ್ಷೆಯಾಗಿ ಸಾಯಿರಾ ಮಾಡಿದ ಮೊದಲ ಕೆಲಸಕ್ಕೇ ಊರ ಹೆಂಗಸರು ಸಿಟ್ಟಾದರು. ಅವಳಿಗೆ ಆಗ ಇಪ್ಪತ್ತೊಂದು ವರ್ಷ. ಸವದತ್ತಿಯಲ್ಲಿ ಬಿಎಸ್ಸಿ ಓದುತ್ತಿದ್ದಳು.

ಅವಳ ಊರು ನವಿಲುತೀರ್ಥದ ಹಿನ್ನೀರಿನ ದಂಡೆಯಲ್ಲಿದೆ. ನೀರಿನ ನಡುವೆ ಒಂದು ಗಡ್ಡೆ, ಅದರ ತುಂಬ ಜಾಲಿಮರ. ಜೂನ್ ತಿಂಗಳಲ್ಲಿ ಮಿರಗದ ಮಳೆ ಬಿದ್ದ ಮೇಲೆ ಆ ಮರಗಳಲ್ಲಿ ಜೀರಂಗಿ ಹುಳಗಳು ಕಾಣಿಸಿಕೊಳ್ಳುತ್ತವೆ. ಬೆನ್ನ ಮೇಲೆ ಹಸಿರಾಗಿ ಹೊಳೆಯುವ ಗಟ್ಟಿ ರೆಕ್ಕೆ. ಯಾವ ಜಾತಿಯ ಮನೆಯಲ್ಲೇ ಕೂಸು ಹುಟ್ಟಲಿ, ಅದರ ತಲೆಗೆ ತೊಡಿಸುವ ಕುಂಚಿಗೆಯ ಅಂಚಿಗೆ ಐದು ಜೀರಂಗಿ ರೆಕ್ಕೆ ಹೊಲಿಯುವುದು ಆ ಊರಿನ ಪದ್ಧತಿ. ಹೊಲಿಯುವವಳು ಸಾಯಿರಾಳ ಅಜ್ಜಿ ಹಾಜಿರಾಬಿ.

ಮೊದಲೆಲ್ಲ ನಾಲ್ಕಾರು ಹುಳ ಸಾಕಾಗುತ್ತಿದ್ದವು. ಕುಂಚಿಗೆಯ ಫೋಟೊ ಮೊಬೈಲುಗಳಲ್ಲಿ ಹರಿದಾಡಿದ ಮೇಲೆ ರಾಮದುರ್ಗ, ಬೈಲಹೊಂಗಲದಿಂದಲೂ ಜನ ಕೇಳಿಕೊಂಡು ಬರತೊಡಗಿದರು. ಹುಳಗಳನ್ನು ಡಬ್ಬಿಗಟ್ಟಲೆ ಹಿಡಿದು ಬಿಸಿನೀರಿಗೆ ಹಾಕಿ ರೆಕ್ಕೆ ಕೀಳುವುದು ಶುರುವಾಯಿತು. ಆ ವರ್ಷ ಸಾಯಿರಾ ದಿನವಿಡೀ ಗಡ್ಡೆ ಸುತ್ತಿದರೂ ಕಂಡದ್ದು ಹನ್ನೊಂದೇ ಹುಳ.

"ದಾದಿ, ಹಿಂಗಾದ್ರ ಮುಂದ ಹೊಲ್ಯಾಕ ರೆಕ್ಕಿನ ಇರಂಗಿಲ್ಲ," ಎಂದಳು ಅಜ್ಜಿಗೆ. "ಮಣ್ಣಾಗ ತತ್ತಿ ಇಟ್ಟು ಅವು ತಾವಾಗೇ ಸಾಯ್ತಾವ. ರೆಕ್ಕಿ ಗಿಡದ ಬುಡಕ್ಕ ಬಿದ್ದಿರ್ತಾವ. ದಸರಾ ತನಕಾ ತಡದು ಆರಿಸ್ಕೊಂಡು ಬರೂಣು."

ಹಾಜಿರಾಬಿ ಸೂಜಿ ಕೆಳಗಿಟ್ಟಳು. "ಐವತ್ತು ವರ್ಷ ಹೊಲದೇನಿ. ಅವು ಎಲ್ಲಿ ತತ್ತಿ ಇಡ್ತಾವಂತ ಒಮ್ಮಿನೂ ಕೇಳಲಿಲ್ಲ ನೋಡು. ಆತು, ತಡಿಯೂಣು."

ಇನ್ನು ಯಾರೂ ಜೀವಂತ ಹುಳ ಹಿಡಿಯಬಾರದೆಂದು ಸಾಯಿರಾ ಯುವತಿ ಮಂಡಳದಲ್ಲಿ ಠರಾವು ಮಾಡಿಸಿದಳು; ಊರ ಹೆಂಗಸರು ಸಿಟ್ಟಾದದ್ದು ಇದಕ್ಕೇ. ಗಡ್ಡೆಗೆ ಹೋಗಲು ಇದ್ದದ್ದು ಮಡಿವಾಳೆಪ್ಪನ ದೋಣಿಯೊಂದೇ. ದಸರೆಯವರೆಗೆ ಯಾರನ್ನೂ ದಾಟಿಸುವುದಿಲ್ಲವೆಂದು ಅವನೂ ಮಾತು ಕೊಟ್ಟ.

ಶ್ರಾವಣದಲ್ಲಿ ಗುರವ್ವನ ಮೊಮ್ಮಗಳಿಗೆ ಹೆಸರಿಡುವ ದಿನ ಬಂತು. ಗುರವ್ವನಿಗೆ ಎದುರಾಡುವವರು ಊರಲ್ಲೇ ಇರಲಿಲ್ಲ. ಅವಳು ನೇರ ಸಾಯಿರಾಳ ಬಾಗಿಲಿಗೆ ಬಂದಳು.

"ನಮ್ಮ ಮನ್ಯಾಗ ಹದಿನೆಂಟು ವರ್ಷಕ್ಕ ಹೆಣ್ಣ ಹುಟ್ಟೈತಿ. ಐದ ರೆಕ್ಕಿ ಕೇಳಾಕತ್ತೇನಿ, ನಿನ್ನ ಗಡ್ಡಿ ಅಲ್ಲ."

ಸಾಯಿರಾ ಹೊಸ್ತಿಲಿಗೆ ಬಂದಳು. "ದೊಡ್ಡವ್ವಾರ, ನಿಮಗ ಹೂಂ ಅಂದ್ರ ನಾಳೆ ಎಲ್ಲಾರಿಗೂ ಹೂಂ ಅನ್ನಬೇಕಾಗ್ತೈತ್ರಿ."

ಒಳಗೆ ಹೋಗಿ ಟ್ರಂಕಿನಿಂದ ಒಂದು ಪುಟ್ಟ ಕುಂಚಿಗೆ ತಂದಳು. ಬಟ್ಟೆ ಮಾಸಿದ್ದರೂ ಐದು ರೆಕ್ಕೆಗಳ ಹೊಳಪು ಹಾಗೇ ಇತ್ತು. "ಇದು ನಾ ಕೂಸಿದ್ದಾಗಿಂದ್ರಿ. ಇದನ್ನ ಹಾಕ್ರಿ."

"ಮಂದಿ ತೊಟ್ಟಿದ್ದು ತೊಡಸ್ಲೇನು?"

ಒಳಗಿನಿಂದ ಹಾಜಿರಾಬಿಯ ದನಿ ಬಂತು: "ಗುರವ್ವಾ, ನಿನ್ನ ಮಗಗ ತೊಡಿಸಿದ್ದು ಯಾರದು? ನನ್ನ ಮಗಂದು. ಆ ವರ್ಷ ಮಳಿನೂ ಇರಲಿಲ್ಲ, ಹುಳಾನೂ ಇರಲಿಲ್ಲ. ಮರತಿ?"

ಗುರವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಿನ್ನ ನೆನಪಿಗಿಷ್ಟು ಬೆಂಕಿ ಹಚ್ಚಲಿ," ಎನ್ನುತ್ತ ಕುಂಚಿಗೆಯನ್ನು ಮಡಚಿ ಉಡಿಯಲ್ಲಿಟ್ಟುಕೊಂಡಳು.

ಹೆಸರಿಡುವ ದಿನ ಕೂಸು ಅದನ್ನೇ ತೊಟ್ಟು ಹಾಯಾಗಿ ಮಲಗಿತ್ತು. ಅದನ್ನು ಕಂಡ ಮೇಲೆ ಬೇರೆ ಮನೆಗಳ ಟ್ರಂಕುಗಳೂ ತೆರೆದುಕೊಂಡವು. ಕುಂಚಿಗೆಗಳು ಓಣಿಯಿಂದ ಓಣಿಗೆ ಓಡಾಡಿದವು. ಹೊರ ಊರಿನವರಿಗೆ ಹಾಜಿರಾಬಿ ಹಸಿರು ರೇಷ್ಮೆ ದಾರದಲ್ಲೇ ರೆಕ್ಕೆಯ ಆಕಾರ ಹೊಲಿದುಕೊಟ್ಟಳು.

ದಸರೆ ಮುಗಿದ ಮರುದಿನ ಮಡಿವಾಳೆಪ್ಪ ದೋಣಿ ತುಂಬ ಹೆಂಗಸರನ್ನು ಗಡ್ಡೆಗೆ ಕರೆದೊಯ್ದ. ಸಾಯಿರಾ ಜಾಲಿಯ ಬುಡದ ತರಗೆಲೆ ಸರಿಸಿದಳು. ಒದ್ದೆ ಮಣ್ಣಿನಲ್ಲಿ ಒಂದು ರೆಕ್ಕೆ, ಪಕ್ಕದಲ್ಲಿ ಇನ್ನೆರಡು. ಹಿಂದೆಯೇ ಹಾಜಿರಾಬಿ ಮೊಣಕಾಲೂರಿ ಕುಳಿತು ಒಂದೊಂದನ್ನೇ ಸೆರಗಿನಿಂದ ಒರೆಸಿ ನೋಡಿದಳು. ಸೀಳಿಲ್ಲ, ಬಣ್ಣ ಮಂಕಾಗಿಲ್ಲ.

ಮೂರನೆಯ ಮಿರಗಕ್ಕೆ ಯುವತಿ ಮಂಡಳ ಮತ್ತೆ ಹುಳ ಎಣಿಸಲು ಹೊರಟಾಗ ಗುರವ್ವ ಎಲ್ಲರಿಗಿಂತ ಮೊದಲು ದೋಣಿ ಹತ್ತಿ ಕುಳಿತಿದ್ದಳು. ಮೊದಲ ಮರದಲ್ಲೇ ನಲವತ್ತು ದಾಟಿತು. ಅಷ್ಟರಲ್ಲಿ ಐದಾರು ಹುಳ ಗುಂಯ್ ಎಂದು ಹಾರಿ ಪಕ್ಕದ ಮರಕ್ಕೆ ಹೋದವು.

"ಸಾಯಿರಾ, ಇವನ್ನ ಇಲ್ಲಿ ಬರಕೊಳ್ಳೂದೋ, ಅಲ್ಲಿ ಬರಕೊಳ್ಳೂದೋ?"

"ಎಲ್ಲಿ ಬೇಕಾದಲ್ಲಿ ಬರೀರಿ ದೊಡ್ಡವ್ವಾರ, ಇವತ್ತ ಹೆಚ್ಚಾದ್ರೂ ನಡಿತೈತಿ," ಎಂದು ಸಾಯಿರಾ ನಗುತ್ತ ಮುಂದಿನ ಮರಕ್ಕೆ ಹೋದಳು.