ಅತ್ತೆಯ ಹೆಸರಿನ ಸೀರೆ

ಶ್ರಾವಣ ಹಿಡಿದಿತ್ತು. ಮುಂಜಾನೆಯ ಹೊತ್ತು, ಚಹಾ ಇನ್ನೂ ಆಗಿರಲಿಲ್ಲ. ರಬಕವಿಯ ನಮ್ಮ ಮನೆಯಲ್ಲಿ ಸೊಸೆ ಕಾವೇರಿ ಮಗ್ಗಕ್ಕೆ ಕೂತಿದ್ದಳು. ಪಕ್ಕದ ಮನೆಯ ನಂದಾ ಮೊಬೈಲ್ ಹಿಡಿದುಕೊಂಡು ಬಂದಳು. ಬೀಳಗಿಯಲ್ಲಿ ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸುವ ಕೇಂದ್ರವೊಂದು ತೆರೆಯುವುದಿತ್ತು, ಕಲಿಸುವವರು ಬೇಕಾಗಿದ್ದರು. ನಿಮ್ಮ ಕೆಲಸದ ವಿಡಿಯೋ ಹಾಕಿರಿ, ನೋಡಿ ಕರೆಯುತ್ತೇವೆ ಎಂದಿದ್ದರು. ಕಲಿಸುವ ಕೆಲಸದ ಮೇಲೆ ಕಾವೇರಿಗೆ ಬಹಳ ಮನಸ್ಸು. ನನ್ನ ಕಣ್ಣು ಮಂಜಾದ ಮೇಲೆ ನಮ್ಮ ಮಗ್ಗ ನಡೆದದ್ದೇ ಅವಳ ಕೈಯಿಂದ. ನಂದಾ ಕೂಡ ಅವಳ ಹತ್ತಿರವೇ ಕಲಿತವಳು.

"ಹೂಂ, ಹೇಳಬೇ. ಇದು ನಾ ನೇಯ್ದ ಸೀರಿ ಅನ್ನು" ಎಂದು ನಂದಾ ಮೊಬೈಲ್ ಎತ್ತಿ ಹಿಡಿದಳು.

ಕಾವೇರಿ ನನ್ನ ಕಡೆ ನೋಡಿದಳು. ಸೆರಗು ಸರಿ ಮಾಡಿಕೊಂಡು, "ಇದು ನಮ್ಮ ಅತ್ತಿ ತಾರವ್ವನವರ ಕೈಯ ಸೀರಿ" ಎಂದಳು.

"ಅತ್ತಿ ಲಾಳಿ ಮುಟ್ಟಿ ಎಷ್ಟ ವರ್ಷಾತು! ನಿನ್ನ ಹೆಸರು ಹೇಳಾಕ ಏನ್ ರೊಕ್ಕ ಕೊಡಬೇಕೇನ?"

"ಹಿರೇರ ಮುಂದ ನಂದು ಅನ್ನಾಕ ಬಾಯಿ ಏಳಂಗಿಲ್ಲ ನಂದಕ್ಕ."

ನಮ್ಮ ಮನೆಗಳ ರೂಢಿಯೇ ಹಾಗೆ. ನಾನು ಸೊಸೆಯಾಗಿದ್ದಾಗ ನೇಯ್ದದ್ದೆಲ್ಲ ನನ್ನ ಅತ್ತೆಯ ಹೆಸರಿನಲ್ಲಿ ಪೇಟೆಗೆ ಹೋಯಿತು. ಆದರೆ ಪೇಟೆಯವರಿಗೆ ಖರೆ ಏನೆಂದು ಗೊತ್ತಿರುತ್ತಿತ್ತು. ಮೊಬೈಲಿನಲ್ಲಿ ನೋಡುವವರಿಗೆ ಹೇಗೆ ಗೊತ್ತಾಗಬೇಕು?

ವಿಡಿಯೋ ಹಾಗೆಯೇ ಹೋಯಿತು. ಅದನ್ನು ನೋಡಿ ಕೇಂದ್ರದ ಮೇಡಂ ಫೋನ್ ಮಾಡಿ ನನ್ನನ್ನೇ ಕೇಳಿದರು.

"ತಾರವ್ವಾರ, ಛಲೋ ನೇಯ್ದೀರಿ. ಕಲಿಸಾಕ ಬರ್ತೀರೇನ್ರಿ?"

"ನಂದಲ್ರಿ ಎವ್ವಾ, ನನ್ನ ಸೊಸಿದು. ನನಗ ಎಳಿನ ಕಾಣಂಗಿಲ್ಲ" ಎಂದು ಫೋನನ್ನು ಕಾವೇರಿಯ ಕೈಗಿಟ್ಟೆ.

"ನೀವ ಒಬ್ಬರ ನೇಯ್ತೀರೇನ್ರಿ?" ಮೇಡಂ ದನಿ ನನಗೂ ಕೇಳಿಸಿತು. ಹೂಂ ಅನ್ನು ಎಂದು ಕೈಸನ್ನೆ ಮಾಡಿದೆ.

"ನಂದೇನೈತ್ರಿ ಮೇಡಂ. ಅತ್ತೇರು ಬಾಜೂಕ ಕುಂತು ಹೇಳ್ತಾರ, ನಾ ಬರೇ ಲಾಳಿ ಹಾಕ್ತೀನ್ರಿ."

"ನಮಗ ಒಬ್ಬರ ನಿಂತು ಕಲಿಸೋರು ಬೇಕಾಗಿತ್ರಿ" ಎಂದು ಮೇಡಂ ಫೋನ್ ಇಟ್ಟರು.

ಮರುದಿನ ನಾನೇ ಮೇಡಂಗೆ ಫೋನ್ ಹಚ್ಚಿಸಿ ಹೇಳಿದೆ. ಕಾವೇರಿ ಅಂದದ್ದು ಮರ್ಯಾದೆಯ ಮಾತು, ಕೆಲಸ ಅವಳದೇ ಎಂದೆ.

"ಸೊಸಿ ಮ್ಯಾಲಿನ ಜೀವಕ್ಕ ಹಂಗಂತೀರಿ ಬಿಡ್ರಿ ಅಮ್ಮಾ" ಎಂದು ಮೇಡಂ ನಕ್ಕರು.

ಆಮೇಲೆ ನಂದಾ ತನ್ನ ವಿಡಿಯೋ ಹಾಕಿದಳು. ಅವಳ ನೇಯ್ಗೆ ಕಾವೇರಿಯದಕ್ಕಿಂತ ಒರಟು, ಮಾತು ಮಾತ್ರ ನೆಟ್ಟಗಿತ್ತು: "ನಾ ನಂದಾ. ಇದು ನಾ ನೇಯ್ದದ್ದು." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಲಸ ಅವಳಿಗಾಯಿತು.

ಹೋಗುವ ದಿನ ಕಾವೇರಿ ಅವಳಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. "ಹುಡಿಗ್ಯಾರು ಮೊದಲ ಎಳಿ ಭಾಳ ಹರೀತಾರ ನಂದಕ್ಕ. ಬೈಬ್ಯಾಡ. ಗಂಟು ಹಾಕೂದನ್ನ ಮೊದಲ ಕಲಿಸು" ಎಂದಳು. ನಂದಾ ಬುತ್ತಿಯನ್ನು ಒಳಗಿಟ್ಟು ಚೀಲ ಎತ್ತಿಕೊಂಡಳು.

ನಂದಾ ಬೀಳಗಿಗೆ ಹೋದದ್ದು ಆಶ್ವೀಜದ ಶೀಗಿ ಹುಣ್ಣಿಮೆ ಮುಗಿದ ಮೇಲಿನ ಗುರುವಾರ.